ನಿಂತುಹೋದ ಸೂಪರ್‌ಹೀರೋ ತಂಡದ ಕಾಮಿಕ್ಸನ್ನು ಮತ್ತೆ ಆರಂಭಿಸುವ ಬಗೆ

ತುಮಕೂರಿನಲ್ಲಿ ನಾವು ಆರು ಮಂದಿ ಗೆಳೆಯರು ಸೇರಿ ಮೂರು ವರ್ಷ ನಡೆಸಿ, ಕೈಲಾಗದೆ ನಿಲ್ಲಿಸಿದ್ದ ಪುಟ್ಟದೊಂದು ಕನ್ನಡ ಕಾಮಿಕ್ಸನ್ನು ಎರಡು ವರ್ಷಗಳ ನಂತರ ಮತ್ತೆ ಆರಂಭಿಸಿದೆವು. ಅದರಲ್ಲಿರುವುದು ಐವರ ತಂಡ: ಪಾವಗಡದ ಬಿಸಿಲನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುವ ಹುಡುಗ, ಮಧುಗಿರಿಯ ಏಕಶಿಲಾ ಬೆಟ್ಟವನ್ನು ಬರಿಗೈಯಲ್ಲಿ ಹತ್ತುವ ಹುಡುಗಿ, ಕೆಜಿಎಫ್‌ನ ಗಣಿ ಕಾರ್ಮಿಕರ ಮನೆಯಲ್ಲಿ ಬೆಳೆದು ಕತ್ತಲಲ್ಲೂ ಕಾಣಬಲ್ಲ ಯುವಕ, ಶಿಡ್ಲಘಟ್ಟದಲ್ಲಿ ಗೂಡಿನಿಂದ ನೂಲು ತೆಗೆಯುವ ರೀಲರ್ ಕುಟುಂಬದಲ್ಲಿ ಹುಟ್ಟಿ ರೇಷ್ಮೆ ನೂಲಿನಿಂದ ಏನನ್ನಾದರೂ ಕಟ್ಟಿಹಾಕಬಲ್ಲವಳು ಮತ್ತು ಇವರನ್ನೆಲ್ಲ ಒಂದುಗೂಡಿಸಿದ ನಿವೃತ್ತ ಮೇಷ್ಟ್ರು. ಎರಡನೆಯ ಸಲದ ಮೊದಲ ಸಂಚಿಕೆಯಲ್ಲಿ ಹೊಸ ಖಳನಿದ್ದ, ಹೊಸ ಉಡುಪುಗಳಿದ್ದವು, ಬಣ್ಣದ ರಕ್ಷಾಪುಟವೂ ಇತ್ತು. ಮೇಷ್ಟ್ರು ಮಾತ್ರ ಇರಲಿಲ್ಲ, ಅವರೇಕೆ ಇಲ್ಲವೆಂಬುದಕ್ಕೆ ಒಂದು ಸಾಲಿನ ವಿವರಣೆಯೂ ಇರಲಿಲ್ಲ. ಅಮಾನಿಕೆರೆಯ ದಂಡೆಯಲ್ಲಿ ಪ್ರತಿಗಳನ್ನು ಹಂಚಿದ ಸಂಜೆ, ಗುಬ್ಬಿಯಿಂದ ಬಂದಿದ್ದ ಹಳೆಯ ಓದುಗನೊಬ್ಬ ಕೊನೆಯ ಪುಟದವರೆಗೂ ಮಗುಚಿ ನೋಡಿ, "ಮೇಷ್ಟ್ರು ಎಲ್ಲಿ ಸಾರ್?" ಎಂದು ಕೇಳಿದ. ಆ ಪ್ರಶ್ನೆಯಿಂದ ಕಲಿತದ್ದನ್ನೂ, ದೊಡ್ಡ ಪ್ರಕಾಶಕರ ಮರುಆರಂಭಗಳನ್ನು ಓದಿ ತಿಳಿದದ್ದನ್ನೂ ಇಂಥ ಕೆಲಸಕ್ಕೆ ಕೈಹಾಕುವವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಕಥೆ ಬರೆಯಲು ಕೂರುವ ಮೊದಲು ಹಳೆಯ ಸಂಚಿಕೆಗಳನ್ನೆಲ್ಲ ಮತ್ತೊಮ್ಮೆ ಓದಿ, ತಂಡದ ಸದಸ್ಯರನ್ನು ಇಬ್ಬಿಬ್ಬರಂತೆ ಜೋಡಿ ಮಾಡಿ ಪಟ್ಟಿ ಬರೆದುಕೊಳ್ಳಬೇಕು. ಐವರಿದ್ದರೆ 10 ಜೋಡಿಗಳಾಗುತ್ತವೆ, ಏಳು ಮಂದಿಯಿದ್ದರೆ 21. ಪ್ರತಿ ಜೋಡಿಯ ಎದುರು ಅವರ ನಡುವೆ ನಡೆದುಹೋದದ್ದೇನು, ಯಾರು ಯಾರಿಗೆ ಋಣಿ, ಯಾವ ಮಾತು ಆಡದೆ ಉಳಿದಿದೆ ಎಂಬುದನ್ನು ಒಂದೆರಡು ಸಾಲಿನಲ್ಲಿ ಬರೆಯಬೇಕು. ಅಭಿಮಾನಿಯು ವರ್ಷಗಟ್ಟಲೆ ನೆನಪಿನಲ್ಲಿಟ್ಟುಕೊಂಡಿರುವುದು ಈ ಪಟ್ಟಿಯನ್ನೇ, ಅವನು ಅದನ್ನು ಕಾಗದದ ಮೇಲೆ ಬರೆದಿರುವುದಿಲ್ಲ ಅಷ್ಟೇ. ಬೆಂಕಿ ಉಗುಳುವವನೂ ಗೋಡೆ ಹತ್ತುವವಳೂ ಬೇರೆ ಕಾಮಿಕ್ಸುಗಳಲ್ಲಿಯೂ ಸಿಗುತ್ತಾರೆ, ಆದರೆ ಒಮ್ಮೆ ತನ್ನನ್ನು ಗಣಿಯ ಬಾಯಲ್ಲಿ ಬಿಟ್ಟು ಓಡಿದವನ ಪಕ್ಕದಲ್ಲಿ ಮತ್ತೆ ನಿಂತು ಹೋರಾಡಬೇಕಾದವಳ ಮುಖಭಾವ ಆ ಒಂದು ತಂಡದಲ್ಲಿ ಮಾತ್ರ ಸಿಗುತ್ತದೆ. ಪಟ್ಟಿಯಲ್ಲಿ ಖಾಲಿ ಉಳಿದ ಜೋಡಿಗಳೂ ಉಪಯುಕ್ತವೇ, ಏಕೆಂದರೆ ಹೊಸ ಕಥೆಗೆ ಅಲ್ಲಿ ಜಾಗವಿರುತ್ತದೆ.

ಮುಂದಿನದು ತಂಡದಲ್ಲಿ ಯಾರಿರಬೇಕೆಂಬ ತೀರ್ಮಾನ. ಹೊಸಬರನ್ನು ತಂದರೆ ಅಭಿಮಾನಿಗಳು ಸಿಟ್ಟಾಗುತ್ತಾರೆಂಬ ಭಯ ಅನೇಕರಿಗಿದೆ, ಆದರೆ ಈ ಮಾಧ್ಯಮದ ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಅಮೆರಿಕದ ಮಾರ್ವೆಲ್ ಸಂಸ್ಥೆ 1963ರಲ್ಲಿ ಆರಂಭಿಸಿದ ಅವೆಂಜರ್ಸ್ ಎಂಬ ತಂಡದ ಕಾಮಿಕ್ಸಿನ 16ನೇ ಸಂಚಿಕೆಯಲ್ಲಿಯೇ, ಅಂದರೆ 1965ರಲ್ಲಿ, ಸ್ಥಾಪಕ ಸದಸ್ಯರೆಲ್ಲ ಹೊರಟುಹೋಗಿ ಕ್ಯಾಪ್ಟನ್ ಅಮೆರಿಕ ಒಬ್ಬನೇ ಉಳಿದ. ಅವನ ಜೊತೆಗೆ ಬಂದ ಹಾಕ್‌ಐ, ಕ್ವಿಕ್‌ಸಿಲ್ವರ್ ಮತ್ತು ಸ್ಕಾರ್ಲೆಟ್ ವಿಚ್ ಮೂವರೂ ಹಿಂದೆ ಖಳರ ಪಾಳಯದಲ್ಲಿದ್ದವರು. ಓದುಗರು ಒಪ್ಪಿದ್ದು ಆ ಒಬ್ಬ ಹಳಬನ ಕಣ್ಣಿನಿಂದ ಹೊಸಬರನ್ನು ನೋಡಲು ಸಾಧ್ಯವಾದುದರಿಂದ ಎಂಬುದು ನನ್ನ ತಿಳಿವಳಿಕೆ. ಅದೇ ಸಂಸ್ಥೆಯ ಎಕ್ಸ್-ಮೆನ್ ಎಂಬ ತಂಡದ ಕಥೆ ಇನ್ನೂ ಸ್ಪಷ್ಟವಾಗಿದೆ. 1970ರಲ್ಲಿ ಹೊಸ ಕಥೆಗಳು ನಿಂತು, 67ರಿಂದ 93ನೇ ಸಂಚಿಕೆಯವರೆಗೆ ಹಳೆಯ ಕಥೆಗಳನ್ನೇ ಮರುಮುದ್ರಿಸಲಾಗುತ್ತಿತ್ತು. 1975ರಲ್ಲಿ ಲೇಖಕ ಲೆನ್ ವೀನ್ ಮತ್ತು ಚಿತ್ರಕಾರ ಡೇವ್ ಕಾಕ್ರಮ್ ಅವರು ಬೇರೆ ಬೇರೆ ದೇಶ, ಸಮುದಾಯಗಳ ಹೊಸ ತಂಡವನ್ನು ತಂದಾಗ, ಕಾಣೆಯಾದ ಹಳೆಯ ತಂಡವನ್ನು ಹುಡುಕಿ ಬಿಡಿಸುವುದನ್ನೇ ಮೊದಲ ಕಥೆಯನ್ನಾಗಿ ಮಾಡಿದರು. ಹೀಗಾಗಿ ಹಳೆಯ ಓದುಗನಿಗೆ ತನ್ನವರ ಚಿಂತೆಗೆ ಉತ್ತರ ಸಿಕ್ಕಿತು, ಹೊಸ ಓದುಗನಿಗೆ ಎಲ್ಲರೂ ಒಟ್ಟಿಗೇ ಅಪರಿಚಿತರಾಗಿ ಪರಿಚಯವಾದರು, ಸೈಕ್ಲಾಪ್ಸ್ ಎಂಬ ಹಳೆಯ ನಾಯಕ ಎರಡನ್ನೂ ಹೊಲಿಯುವ ದಾರವಾದ. ಡಿಸಿ ಎಂಬ ಇನ್ನೊಂದು ಅಮೆರಿಕನ್ ಪ್ರಕಾಶನ ಸಂಸ್ಥೆಯ 1980ರ ಟೀನ್ ಟೈಟನ್ಸ್‌ನಲ್ಲಿ ಮಾರ್ವ್ ವೂಲ್ಫ್‌ಮನ್ ಮತ್ತು ಜಾರ್ಜ್ ಪೆರೆಜ್ ಪರಿಚಿತ ನಾಲ್ವರ ಜೊತೆಗೆ ಸೈಬಾರ್ಗ್, ಸ್ಟಾರ್‌ಫೈರ್, ರೇವನ್ ಎಂಬ ಮೂವರು ಹೊಸಬರನ್ನು ಕೂಡಿಸಿದರು. ನಾಲ್ಕಕ್ಕೆ ಮೂರು ಎಂಬ ಈ ಲೆಕ್ಕ ನನಗೆ ಬಹಳ ಹಿಡಿಸಿದೆ.

ಹಿಂದಿನದನ್ನು ಅಳಿಸಿಹಾಕಿ ಮೊದಲಿನಿಂದ ಹೇಳುವುದು ಸುಲಭದ ದಾರಿಯಂತೆ ಕಾಣುತ್ತದೆ, ಆದರೆ ಅದಕ್ಕೆ ತೆರುವ ಬೆಲೆ ದೊಡ್ಡದು. ಡಿಸಿ ಸಂಸ್ಥೆ 2011ರಲ್ಲಿ ಒಮ್ಮೆಗೇ 52 ಕಾಮಿಕ್ಸುಗಳನ್ನು ಒಂದನೇ ಸಂಚಿಕೆಯಿಂದ ಆರಂಭಿಸಿತು. ಜಿಮ್ ಲೀ ಚಿತ್ರಿಸಿದ ಜಸ್ಟಿಸ್ ಲೀಗ್‌ನಂಥವು ಚೆನ್ನಾಗಿಯೇ ಮಾರಾಟವಾದವು, ಆದರೆ ದಶಕಗಳಿಂದ ಓದುಗರ ಜೊತೆಗೇ ಬೆಳೆದಿದ್ದ, ಮಿಂಚಿನಂತೆ ಓಡುವ ಫ್ಲ್ಯಾಶ್ ಎಂಬ ಹೀರೋ ವಾಲಿ ವೆಸ್ಟ್ ಆ ಹೊಸ ಜಗತ್ತಿನಲ್ಲಿ ಇರಲೇ ಇಲ್ಲ. 2016ರಲ್ಲಿ ಅದೇ ಸಂಸ್ಥೆ ಮತ್ತೊಮ್ಮೆ ಹೊಸದಾಗಿ ಹೊರಟಾಗ, ಎಲ್ಲರೂ ಮರೆತುಬಿಟ್ಟಿದ್ದ ವಾಲಿಯನ್ನು ಯಾರಾದರೊಬ್ಬರು ಗುರುತಿಸುತ್ತಾರೆಯೇ ಎಂಬುದರ ಸುತ್ತಲೇ ಆರಂಭದ ವಿಶೇಷ ಸಂಚಿಕೆಯನ್ನು ಕಟ್ಟಿತು. ಆದ್ದರಿಂದ ಯಾರನ್ನಾದರೂ ಬಿಡಲೇಬೇಕಾದರೆ ಬಿಡಿ, ಆದರೆ ತಂಡದಲ್ಲಿ ಉಳಿದವರು ಅವರಿಗಾಗಿ ಒಂದು ಚೌಕಟ್ಟಿನಷ್ಟಾದರೂ ಮರುಗಲಿ. ಗೋಡೆಗೆ ನೇತುಹಾಕಿದ ಮೇಷ್ಟ್ರ ಕೊಡೆಯೊಂದನ್ನು ನಾವು ಚಿತ್ರಿಸಿದ್ದರೆ ಸಾಕಿತ್ತು.

ಮೊದಲ ಸಂಚಿಕೆಯ ಪುಟಗಳನ್ನು ಹಂಚುವಾಗ ಎಚ್ಚರ ಬೇಕು. ಮಧ್ಯಕ್ಕೆ ಪಿನ್ ಹೊಡೆಯುವ ಪುಸ್ತಕದ ಪುಟಗಳು ನಾಲ್ಕರ ಗುಣಕದಲ್ಲಿರಬೇಕಾದ್ದರಿಂದ ನಾವು 24 ಪುಟಗಳನ್ನು ಇಟ್ಟುಕೊಂಡಿದ್ದೇವೆ. ಇದರಲ್ಲಿ ಹೊಡೆದಾಟಕ್ಕೆ ಎಂಟು ಪುಟ ಮೀರಬಾರದೆಂಬುದು ಎರಡನೆಯ ಸಂಚಿಕೆಯಿಂದ ನಾವು ಹಾಕಿಕೊಂಡ ನಿಯಮ. ಪ್ರತಿ ಸದಸ್ಯನಿಗೂ ಅವನೇ ಮುಖ್ಯನಾಗುವ ಒಂದು ಪುಟವಾದರೂ ಇರಬೇಕು ಮತ್ತು ಆ ಪುಟದಲ್ಲಿ ಅವನ ಶಕ್ತಿಯ ಜೊತೆಗೆ ಅವನ ಸ್ವಭಾವವೂ ತಿಳಿಯಬೇಕು. ಜನಪ್ರಿಯನಾದ ಒಬ್ಬನಿಗೆ ಅರ್ಧ ಪುಸ್ತಕವನ್ನು ಬರೆದುಕೊಟ್ಟರೆ ಮಿಕ್ಕವರು ಅವನ ಮೆರವಣಿಗೆಯಲ್ಲಿ ಪಂಜು ಹಿಡಿದವರಂತಾಗುತ್ತಾರೆ, ಅವರನ್ನೇ ಮೆಚ್ಚಿಕೊಂಡು ಬಂದ ಓದುಗ ಮೌನವಾಗಿ ದೂರವಾಗುತ್ತಾನೆ. ಹೊಡೆದಾಟವಿಲ್ಲದ ಸಂಚಿಕೆಗೂ ಹೆದರಬೇಕಾಗಿಲ್ಲ. ಮೇಲೆ ಹೇಳಿದ ಟೀನ್ ಟೈಟನ್ಸ್‌ನ 38ನೇ ಸಂಚಿಕೆಯಲ್ಲಿ ರಾಬಿನ್ ತನ್ನ ತಂಡದ ಗೆಳತಿ ಡೊನ್ನಾಳ ಹುಟ್ಟಿನ ಮೂಲವನ್ನು ಹುಡುಕಿಕೊಡುತ್ತಾನೆ, ಖಳನೊಬ್ಬನನ್ನು ಸದೆಬಡಿಯುವ ಕಥೆ ಅದಲ್ಲ. ಆದರೂ ಆ ಸರಣಿಯ ಅತ್ಯಂತ ಪ್ರೀತಿಪಾತ್ರ ಸಂಚಿಕೆಗಳಲ್ಲಿ ಅದನ್ನು ಇಂದಿಗೂ ಎಣಿಸುತ್ತಾರೆ.

ರಕ್ಷಾಪುಟದ ಮೇಲೆ "ಸಂಚಿಕೆ 1" ಎಂದು ಹಾಕಬೇಕೇ ಎಂಬುದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. 1975ರ ಹೊಸ ಎಕ್ಸ್-ಮೆನ್ ತಂಡ ವಿಶೇಷ ಸಂಚಿಕೆಯೊಂದರ ನಂತರ 94ನೇ ಸಂಖ್ಯೆಯಿಂದಲೇ ಮುಂದುವರಿಯಿತು, ಮತ್ತು ಅಲ್ಲಿಂದ ಕ್ರಿಸ್ ಕ್ಲೇರ್‌ಮಾಂಟ್ 1991ರವರೆಗೆ ಅದನ್ನು ಬರೆದರು. ಅದೇ 1991ರಲ್ಲಿ ಬಂದ ಎಕ್ಸ್-ಮೆನ್‌ನ ಇನ್ನೊಂದು ಒಂದನೇ ಸಂಚಿಕೆ ಐದು ಬಗೆಯ ರಕ್ಷಾಪುಟಗಳೊಂದಿಗೆ 80 ಲಕ್ಷಕ್ಕೂ ಮೀರಿದ ಪ್ರತಿಗಳ ದಾಖಲೆ ಮಾಡಿತು, ಆದರೆ ಮೂರು ಸಂಚಿಕೆಗಳಾಗುವಷ್ಟರಲ್ಲಿ ಕ್ಲೇರ್‌ಮಾಂಟ್ ಅವರೇ ಹೊರನಡೆದಿದ್ದರು.

ಕನ್ನಡದಲ್ಲಿ ಮಾಡುವವರಿಗೆ ಪ್ರತ್ಯೇಕವಾಗಿ ಹೇಳಬೇಕಾದದ್ದೊಂದಿದೆ. ನಮ್ಮ ಲಿಪಿಯಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ, ಇಂಗ್ಲಿಷ್ ಕಾಮಿಕ್ಸನ್ನು ನೋಡಿ ಅಳೆದ ಮಾತಿನ ಬಲೂನಿನಲ್ಲಿ ಕನ್ನಡದ ಮೂರು ಸಾಲು ಹಿಡಿಸುವುದಿಲ್ಲ, ಹಿಡಿಸಿದರೂ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಆದ್ದರಿಂದ ಪೆನ್ಸಿಲಿನ ಹಂತದಲ್ಲಿಯೇ ಅಕ್ಷರಗಳನ್ನು ಕೂರಿಸಿ ನೋಡಿ, ಆಮೇಲೆ ಚಿತ್ರಕ್ಕೆ ಶಾಯಿ ಹಾಕಿಸಿ. ಮಾತಿನ ಧಾಟಿಯೂ ಮುಖ್ಯ. ಪಾವಗಡದವನ ಕನ್ನಡದಲ್ಲಿ ತೆಲುಗು ಸುಳಿಯಬೇಕು, ಕೆಜಿಎಫ್‌ನವನು ತನ್ನ ಅಜ್ಜನೊಡನೆ ತಮಿಳಿನಲ್ಲಿ ಒಂದು ಮಾತಾಡಬೇಕು. ಎಲ್ಲರೂ ಪಠ್ಯಪುಸ್ತಕದ ಕನ್ನಡವನ್ನೇ ಆಡಿದರೆ ಮಾತಾಡುವವರತ್ತ ಚಾಚಿದ ಬಲೂನಿನ ಬಾಲವನ್ನು ಮುಚ್ಚಿ ಯಾರು ಮಾತಾಡಿದರೆಂದು ಹೇಳಲಾಗುವುದಿಲ್ಲ. ಹಾಗೆ ಬಾಲ ಮುಚ್ಚಿ ಓದಿಸುವುದೇ ನಾವು ಪ್ರತಿ ಸಂಚಿಕೆಗೂ ಮಾಡುವ ಪರೀಕ್ಷೆ.

ದಿನಾಂಕ ಪ್ರಕಟಿಸುವ ಮೊದಲು ಮೂರು ಸಂಚಿಕೆಗಳ ಚಿತ್ರಗಳು ಪೂರ್ತಿಯಾಗಿ ಕೈಯಲ್ಲಿರಲಿ. ಒಮ್ಮೆ ನಿಂತುಹೋದದ್ದು ಮತ್ತೆ ನಿಲ್ಲಬಹುದೆಂಬ ಅನುಮಾನ ಓದುಗನಲ್ಲಿ ಮೊದಲೇ ಇರುತ್ತದೆ, ಮತ್ತು ಎರಡನೆಯ ಸಂಚಿಕೆ ತಿಂಗಳು ತಡವಾದರೆ ಅದು ಖಾತ್ರಿಯಾಗುತ್ತದೆ. ನಮ್ಮ ಚಿತ್ರಕಾರರಲ್ಲಿ ಇಬ್ಬರು ಕಾಲೇಜು ವಿದ್ಯಾರ್ಥಿಗಳಾದ್ದರಿಂದ ಪರೀಕ್ಷೆಯ ತಿಂಗಳುಗಳನ್ನು ಬಿಟ್ಟು, ವರ್ಷಕ್ಕೆ ಆರೇ ಸಂಚಿಕೆ ಎಂದು ನಿಗದಿ ಮಾಡಿದೆವು. ಪ್ರತಿ ಸಂಚಿಕೆಯ ಹಿಂಬದಿಯಲ್ಲಿ ಒಂದು ಪುಟವನ್ನು ಪತ್ರಗಳಿಗೆ ಮೀಸಲಿಟ್ಟು, ತಪ್ಪು ತೋರಿಸಿದ ಪತ್ರಗಳನ್ನು ಮೊದಲು ಅಚ್ಚುಮಾಡಿ. ಮೂರನೆಯ ಸಂಚಿಕೆಯಲ್ಲಿ ಮೇಷ್ಟ್ರು ದೇವರಾಯನದುರ್ಗದ ಮಳೆಯಲ್ಲಿ ನೆನೆಯುತ್ತ ತಮ್ಮ ಕೊಡೆಯನ್ನು ಕೇಳಿಕೊಂಡು ಬಂದರು, ಗುಬ್ಬಿಯ ಹುಡುಗನ ಪ್ರಶ್ನೆಯನ್ನು ಅದೇ ಸಂಚಿಕೆಯ ಪತ್ರಗಳ ಪುಟದಲ್ಲಿ ಎಲ್ಲಕ್ಕಿಂತ ಮೇಲೆ ಹಾಕಿದೆವು.