ಒಮ್ಮೆ ಬಟವಾಡೆ ಪುಸ್ತಕ ತೆಗೆದು ನೋಡಿ
ಭಟ್ಟಿ, ಮಿಲ್ಲು, ಹೋಟೆಲ್ ನಡೆಸುವವರು ದುಡಿಯುವವರ ಹಕ್ಕು ಕಾಯುವುದು ಹೇಗೆ?

ದಾವಣಗೆರೆಯಲ್ಲಿ ಸಂಜೆಯಾದರೆ ಮಂಡಕ್ಕಿ, ಮಿರ್ಚಿ ಬೇಕೇ ಬೇಕು. ಆ ಮಂಡಕ್ಕಿ ಹುರಿದವರ ಮುಖ ನಾವು ನೋಡಿರುವುದಿಲ್ಲ. ಊರು ಇನ್ನೂ ಮಲಗಿರುವಾಗಲೇ ಅವರು ಕಾದ ಮರಳಿನ ಮುಂದೆ ಕೂತಿರುತ್ತಾರೆ.

‘ಮಾನವ ಹಕ್ಕು ಎಲ್ಲ ದೊಡ್ಡ ಕಂಪನಿಗಳಿಗೆ ಸ್ವಾಮಿ, ನಮ್ಮದು ಹತ್ತು ಆಳಿನ ಧಂಧೆ’ ಅನ್ನುವ ಮಾಲೀಕರು ಜಾಸ್ತಿ. ಅದು ಸರಿಯಲ್ಲ. ಉದ್ಯಮ ಮತ್ತು ಮಾನವ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ 2011ರಲ್ಲಿ 31 ಸೂತ್ರಗಳನ್ನು ಒಪ್ಪಿತು. ಧಂಧೆ ಚಿಕ್ಕದಾದರೂ ಹೊಣೆ ಇದ್ದೇ ಇದೆ ಅನ್ನುತ್ತದೆ 14ನೇ ಸೂತ್ರ. ಅದನ್ನು ನಿಭಾಯಿಸುವ ರೀತಿ ಮಾತ್ರ ಬೇರೆಯಾಗಬಹುದು. ಚಿಕ್ಕವರಿಗೆ ವರದಿ, ಸಲಹೆಗಾರರು ಬೇಡ. ಒಂದು ನೋಟ್‌ಬುಕ್ ಸಾಕು.

ಮೊದಲು ನಡೆದು ನೋಡಿ

ಒಂದು ದಿನ ಕೆಲಸ ಶುರುವಾಗುವ ಹೊತ್ತಿಗೆ ಹೇಳದೆ ಹೋಗಿ. ಭತ್ತದ ಚೀಲ ಇಳಿಸುವ ಹಮಾಲರಿಂದ ಹಿಡಿದು ರಾತ್ರಿ ಕಾವಲಿನ ಅಜ್ಜನವರೆಗೆ, ಕಣ್ಣಿಗೆ ಬಿದ್ದವರನ್ನೆಲ್ಲ ಬರೆದುಕೊಳ್ಳಿ. ಆಮೇಲೆ ಹಾಜರಿ ಪುಸ್ತಕ, ಬಟವಾಡೆ ಪುಸ್ತಕದ ಜೊತೆ ತಾಳೆ ನೋಡಿ. ಕೆಲಸದಲ್ಲಿ ಕಂಡು ಪುಸ್ತಕದಲ್ಲಿ ಕಾಣದವರು ಯಾರು? ನಿಮ್ಮ ಕೆಲಸ ಅವರಿಂದಲೇ ಶುರು.

ಚೀಲದ ಲೆಕ್ಕದಲ್ಲಿ ಕೂಲಿ ಕೊಡುವ ಕಡೆ ಇದನ್ನು ಇನ್ನೂ ಗಮನವಿಟ್ಟು ಮಾಡಿ. ಗಂಡನ ಹೆಸರಿಗೆ ದುಡ್ಡು ಹೋಗಿರುತ್ತದೆ. ಪಕ್ಕದಲ್ಲೇ ಜರಡಿ ಹಿಡಿದ ಹೆಂಡತಿಯ ಹೆಸರು ಎಲ್ಲೂ ಇರುವುದಿಲ್ಲ. ಅವಳಿಗೆ ಬೇರೆ ಹೆಸರು, ಬೇರೆ ಲೆಕ್ಕ, ಬ್ಯಾಂಕ್ ಖಾತೆ ಕೂಡ ಬೇರೆ ಮಾಡಿಸಿ.

ಮುಂಗಡದ ಗಂಟು

ನನ್ನ ಪ್ರಕಾರ ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಇದೇ. ಮದುವೆಗೋ ಆಸ್ಪತ್ರೆಗೋ ಮಾಲೀಕರು ಮುಂಗಡ ಕೊಡುತ್ತಾರೆ. ಉಪಕಾರವೇ, ಇಲ್ಲ ಅನ್ನುವುದಿಲ್ಲ. ಆದರೆ ‘ಸಾಲ ತೀರೋವರೆಗೆ ಬೇರೆ ಕಡೆ ಹೋಗೋ ಹಾಗಿಲ್ಲ’ ಅಂದ ಗಳಿಗೆಯಿಂದ ಕಥೆಯೇ ಬೇರೆ. ಮುಂಗಡ ಕೊಟ್ಟು, ಅದರ ಲೆಕ್ಕದಲ್ಲಿ ಆಳನ್ನು ಕಟ್ಟಿಹಾಕುವುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಲ್ಲಿ ಜೀತ. ಹಗ್ಗ, ಬೀಗ ಬೇಕಿಲ್ಲ. ಆಧಾರ್ ಕಾರ್ಡನ್ನು ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವುದೂ ಕಟ್ಟಿಹಾಕುವ ಒಂದು ದಾರಿಯೇ. ಇಟ್ಟುಕೊಂಡಿದ್ದರೆ ಇವತ್ತೇ ವಾಪಸ್ ಕೊಡಿ.

ಮುಂಗಡ ನಿಲ್ಲಿಸಿಬಿಡಿ ಅಂತ ಹೇಳುತ್ತಿಲ್ಲ. ನಿಲ್ಲಿಸಿದರೆ ಅವರು ಬಡ್ಡಿಯವರ ಬಾಗಿಲಿಗೆ ಹೋಗುತ್ತಾರೆ, ಅಲ್ವಾ? ಕೊಟ್ಟದ್ದನ್ನು ಚೀಟಿಯಲ್ಲಿ ಬರೆಯಿರಿ. ಒಂದು ಪ್ರತಿ ಅವರ ಕೈಯಲ್ಲಿರಲಿ. ತಿಂಗಳಿಗೆ ಎಷ್ಟು ಮುರಿದುಕೊಳ್ಳುತ್ತೀರಿ ಅಂತ ಮೊದಲೇ ಹೇಳಿ. ಕಡಿತ ಎಲ್ಲಾ ಸೇರಿ ಕೂಲಿಯ ಅರ್ಧ ದಾಟಬಾರದು ಅನ್ನುತ್ತದೆ ಕಾನೂನು. ಮನೆ ನಡೆಯಬೇಕಾದರೆ ಅರ್ಧವೂ ಜಾಸ್ತಿಯೇ. ಬಾಕಿ ಇದ್ದರೂ ಕೆಲಸ ಬಿಡಬಹುದು ಅನ್ನುವ ಸಾಲನ್ನು ಚೀಟಿಯಲ್ಲಿ ಸೇರಿಸಿ, ಓದಿ ಹೇಳಿ. ಅಪ್ಪನ ಸಾಲಕ್ಕೆ ಮಗನನ್ನು ಕೆಲಸಕ್ಕೆ ಕರೆಯಲೇಬೇಡಿ.

ಮಕ್ಕಳು

14 ವರ್ಷದ ಒಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. 14ರಿಂದ 18ರೊಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಬಾಲಕಾರ್ಮಿಕ ಕಾಯ್ದೆಗೆ ಬಂದ 2016ರ ತಿದ್ದುಪಡಿಯ ನಂತರ ಇದಕ್ಕೆ 6 ತಿಂಗಳಿಂದ 2 ವರ್ಷ ಜೈಲು, ಇಲ್ಲವೇ 20 ಸಾವಿರದಿಂದ 50 ಸಾವಿರ ರೂಪಾಯಿ ದಂಡ, ಅಥವಾ ಎರಡೂ. ‘ಅವರಮ್ಮನ ಜೊತೆ ಸುಮ್ನೆ ಬರ್ತಾನೆ’ ಅನ್ನುವ ಮಾತು ನಡೆಯದು. ಮನೆಯವರ ಸ್ವಂತ ಕಸುಬಿಗೆ ಶಾಲೆ ಬಿಟ್ಟ ಮೇಲೆ ಕೈ ಜೋಡಿಸಲು ಇರುವ ವಿನಾಯಿತಿ ನಿಮ್ಮ ಭಟ್ಟಿಗೆ ಅನ್ವಯಿಸುವುದಿಲ್ಲ.

ಹಾಗಂತ ಹುಡುಗನನ್ನು ಗೇಟಿನಿಂದ ಆಚೆ ಅಟ್ಟಿದರೆ ಅವನು ಇನ್ನೊಂದು ಭಟ್ಟಿಗೆ ಹೋಗುತ್ತಾನೆ. ಹತ್ತಿರದ ಶಾಲೆಯ ಮೇಷ್ಟ್ರ ಜೊತೆ ಮಾತಾಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಮಗ ತರುತ್ತಿದ್ದ ದುಡ್ಡು ನಿಂತಾಗ ತಾಯಿಯ ಕೂಲಿ ಸಾಲುತ್ತದೆಯೇ ಅಂತ ಲೆಕ್ಕ ಹಾಕಿ.

ಲೆಕ್ಕದ ಸಂಗತಿಗಳು

ಇವು ಹೇಗೂ ನಿಮ್ಮ ಲೆಕ್ಕಪತ್ರದವರಿಗೆ ಗೊತ್ತಿರುತ್ತವೆ. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಕಿನೊಳಗೆ. ವಾರಕ್ಕೆ 48 ಗಂಟೆ ದಾಟಿದರೆ ಓಟಿ, ಅದೂ ಎರಡು ಪಟ್ಟು. ವಾರಕ್ಕೊಂದು ರಜೆ. ಹತ್ತು ಜನ ಇದ್ದರೆ ಇಎಸ್ಐ, ಅಂದರೆ ಕಾರ್ಮಿಕರ ವಿಮೆ: 21 ಸಾವಿರದವರೆಗಿನ ಸಂಬಳಕ್ಕೆ ನೀವು 3.25, ಅವರು 0.75 ಪರ್ಸೆಂಟ್ ಕಟ್ಟಬೇಕು.

ಮೈಯ ಸಂಗತಿ ಮಾತ್ರ ಪುಸ್ತಕದಲ್ಲಿ ಕಾಣುವುದಿಲ್ಲ. ಹೆಣ್ಣುಮಕ್ಕಳಿಗೆ ಬಾಗಿಲು ಭದ್ರ ಇರುವ ಶೌಚಾಲಯ ಇದೆಯೇ? ಇಲ್ಲದಿದ್ದರೆ ಅವರು ದಿನವಿಡೀ ನೀರೇ ಕುಡಿಯುವುದಿಲ್ಲ, ಬೆಂಕಿಯ ಮುಂದೆ ಕೂತರೂ. ಒಬ್ಬ ಗಂಡಾಳು ಕೈಯಿಂದ ಎತ್ತುವ ಹೊರೆ 55 ಕಿಲೋ ಮೀರಬಾರದು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ. ನಿಮ್ಮ ಚೀಲ ತೂಗಿ ನೋಡಿ. ಒಲೆಗೆ ಹಳೇ ಟೈರು ಹಾಕುವ ಚಾಳಿ ಇದ್ದರೆ ಬಿಡಿ. ಆ ಹೊಗೆ ಕುಡಿಯುವವರು ಬರೀ ನಿಮ್ಮ ಆಳುಗಳಲ್ಲ, ಇಡೀ ಓಣಿ.

ದೂರು ಕೇಳುವ ಕಿವಿ

ಒಂದು ಮಿಲ್ಲಿನಲ್ಲಿ ದೂರು ಪೆಟ್ಟಿಗೆ ನೋಡಿದ್ದೆ. ಮಾಲೀಕರ ರೂಮಿನ ಪಕ್ಕ, ನೇರ ಕ್ಯಾಮೆರಾ ಕೆಳಗೆ! ‘ಒಂದು ಚೀಟಿಯೂ ಬಿದ್ದಿಲ್ಲ, ಎಲ್ಲಾ ಖುಷಿಯಾಗಿದ್ದಾರೆ’ ಅಂದರು. ಪೆಟ್ಟಿಗೆಯನ್ನು ನೀರು ಕುಡಿಯುವ ಜಾಗದ ಹತ್ತಿರ ಇಡಿ. ಓದು ಬಾರದವರೂ ಇರುತ್ತಾರಾದ್ದರಿಂದ ಅವರೇ ಆರಿಸಿದ ಒಬ್ಬರ ಜೊತೆ ವಾರಕ್ಕೊಮ್ಮೆ ಚಹಾ ಕುಡಿಯಿರಿ. ಹತ್ತು ಜನ ಇದ್ದ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕೆ ಮಹಿಳೆಯೇ ಅಧ್ಯಕ್ಷರು. ಅಷ್ಟು ಜನ ಇಲ್ಲದಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು ಅಂತ ಗೋಡೆಯ ಮೇಲೆ ಬರೆಸಿ.

ಮೇಸ್ತ್ರಿ ಕರೆತಂದ ಆಳುಗಳು

‘ಅವರು ನಮ್ಮವರಲ್ಲ, ಮೇಸ್ತ್ರಿ ಕಡೆಯವರು’ ಅಂತ ಕೈ ತೊಳೆದುಕೊಳ್ಳಲು ಬರುವುದಿಲ್ಲ. ಮೇಸ್ತ್ರಿಯ ಬಿಲ್ ಪಾಸು ಮಾಡುವ ಮುಂಚೆ ಅವನ ಬಟವಾಡೆ ಪುಸ್ತಕವನ್ನೂ ತರಿಸಿ ನೋಡಿ. ನೀವು ಕೊಡುತ್ತಿರುವ ಗುತ್ತಿಗೆ ದರದಲ್ಲಿ ಅವನ ಕಮಿಷನ್ ಕಳೆದು, ಉಳಿದದ್ದನ್ನು ಆಳು ಮತ್ತು ದಿನಕ್ಕೆ ಭಾಗಿಸಿ. ಬಂದ ಮೊತ್ತ ಸರ್ಕಾರದ ಕನಿಷ್ಠ ಕೂಲಿಗಿಂತ ಕಡಿಮೆ ಇದ್ದರೆ ಮೇಸ್ತ್ರಿಯನ್ನು ಬೈಯಬೇಡಿ, ಅವನನ್ನು ಕರೆದು ಕೂರಿಸಿ ದರ ತಿದ್ದಿ.