ಅಲುಗಿಸಿದರೆ ಮಾತ್ರ ಹಾಡುವ ರೇಡಿಯೊ: ಮನೆಯಲ್ಲೇ ಬೆಸುಗೆ ಹಾಕುವುದು ಹೇಗೆ?

ಅಡುಗೆಮನೆಯ ರೇಡಿಯೊ 102.9ರ ವಿವಿಧ ಭಾರತಿಯನ್ನು ಹಾಡುತ್ತಿರುವಾಗಲೇ ಥಟ್ಟನೆ ಸುಮ್ಮನಾಗಿ, ಅಡಾಪ್ಟರ್ ಪಿನ್ನನ್ನು ಕೊಂಚ ಅಲುಗಿಸಿದೊಡನೆ ಮತ್ತೆ ದನಿಗೂಡುತ್ತದೆ ಎಂದಾದರೆ, ಇಡೀ ರೇಡಿಯೊ ಕೆಟ್ಟಿರಲಾರದು. ಮೊದಲು ಸೆಲ್ ಹಾಕಿ ನೋಡಬೇಕು. ಆಗ ತಡೆಯಿಲ್ಲದೆ ಹಾಡಿದರೆ ದೋಷ ಹೆಚ್ಚಾಗಿ ಒಂದೋ ಅಡಾಪ್ಟರಿನ ವೈರಿನಲ್ಲಿದೆ, ಇಲ್ಲವೇ ಪಿನ್ ಚುಚ್ಚುವ ಸಾಕೆಟ್ಟಿನ ಕಾಲುಗಳನ್ನು ಒಳಗಿನ ಸರ್ಕಿಟ್ ಬೋರ್ಡಿಗೆ ಹಿಡಿದಿರುವ ಬೆಸುಗೆಯಲ್ಲಿದೆ. ಅಷ್ಟೇ ವೋಲ್ಟಿನ, ಧನ–ಋಣ ಗುರುತೂ ಹೊಂದುವ ಇನ್ನೊಂದು ಅಡಾಪ್ಟರ್ ಹಾಕಿದಾಗಲೂ ಅದೇ ತಕರಾರು ಉಳಿದರೆ, ರೇಡಿಯೊ ಬಿಚ್ಚಲು ಅಡ್ಡಿಯಿಲ್ಲ.

ಬೆಸುಗೆ ಕಲಿಯುವವರಿಗೆ ಈ ಕೆಲಸವನ್ನೇ ಮೊದಲು ಸೂಚಿಸುವುದಕ್ಕೆ ಕಾರಣವಿದೆ. ಇಂಥ ರೇಡಿಯೊದೊಳಗೆ ಬರುವುದು ಕೆಲವೇ ವೋಲ್ಟು, ಆದರೆ ಟಿ.ವಿ. ಅಥವಾ ಚಾರ್ಜರಿನ ಒಳಗೆ 230 ವೋಲ್ಟಿನ ಮನೆಯ ವಿದ್ಯುತ್ತು ಏಕಮುಖವಾಗಿ ಸುಮಾರು 325 ವೋಲ್ಟಿಗೆ ಏರುತ್ತದೆ, ಮತ್ತು ಪ್ಲಗ್ ಕಿತ್ತ ನಂತರವೂ ಅದು ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರಿನಲ್ಲಿ ಕುಳಿತಿರಬಹುದು. ಕೈ ಪಳಗುವವರೆಗೆ ಅವುಗಳ ತಂಟೆಗೆ ಹೋಗಬಾರದು.

ಸಾಮಾನು ಹೆಚ್ಚೇನೂ ಬೇಕಿಲ್ಲ. ಬೆಂಗಳೂರಿನ ಟೌನ್ ಹಾಲ್ ಕಡೆಯ ಎಸ್.ಪಿ. ರಸ್ತೆಯಲ್ಲಿ 25 ವ್ಯಾಟಿನ ಸಾಲ್ಡರಿಂಗ್ ಐರನ್, ಅದಕ್ಕೊಂದು ಸ್ಟ್ಯಾಂಡ್, ನಡುವೆ ರಾಳ ತುಂಬಿದ 60/40 ಸಾಲ್ಡರ್ ತಂತಿ, ಲೋಹದ ಕಿಲುಬು ಕಳೆಯಲು ಎಲೆಕ್ಟ್ರಾನಿಕ್ಸ್ ಕೆಲಸದ ಫ್ಲಕ್ಸ್, ಹಳೆಯ ಸಾಲ್ಡರ್ ಹೀರುವ ಪಂಪು, ಒಂದು ಮಲ್ಟಿಮೀಟರ್ ಇಷ್ಟೂ ಸಿಗುತ್ತವೆ. ಗುಜರಿಯ ಬೋರ್ಡೊಂದನ್ನೂ ತಂದು ಅದರ ಮೇಲೆ ಇಪ್ಪತ್ತು ಬೆಸುಗೆಯನ್ನಾದರೂ ಹಾಕಿ ನೋಡಿದ ಮೇಲೆಯೇ ಮನೆಯ ರೇಡಿಯೊಗೆ ಕೈಹಾಕುವುದು ಕ್ಷೇಮ.

ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವುದನ್ನು ಕಂಡವರಿಗೆ ಬೆಸುಗೆಯ ಗುಟ್ಟು ಅರ್ಧ ಗೊತ್ತಿದ್ದಂತೆ. ಕಲಾಯಿಯವನು ಪಾತ್ರೆಯನ್ನು ಉಜ್ಜಿ, ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಎರಚಿ, ಆಮೇಲಷ್ಟೇ ತವರ ಮುಟ್ಟಿಸುತ್ತಾನೆ. ಕಾದ ಪಾತ್ರೆಯೇ ತವರವನ್ನು ಕರಗಿಸಿಕೊಳ್ಳುತ್ತದೆ. ಇಲ್ಲಿಯೂ ಅಷ್ಟೆ. ನೂರಕ್ಕೆ 60 ಪಾಲು ತವರ, 40 ಪಾಲು ಸೀಸವಿರುವ ಸಾಲ್ಡರ್ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗತೊಡಗಿ 190ರ ಸುಮಾರಿಗೆ ಪೂರ್ತಿ ನೀರಾಗುತ್ತದೆ, ಆದರೆ ತಣ್ಣಗಿರುವ ಅಥವಾ ಕಿಲುಬು ಹಿಡಿದ ಲೋಹದ ಮೇಲೆ ಅದು ಕೆಸುವಿನೆಲೆಯ ಮೇಲಿನ ಹನಿಯಂತೆ ಉಂಡೆಯಾಗಿ ನಿಲ್ಲುತ್ತದೆಯೇ ಹೊರತು ಹಬ್ಬುವುದಿಲ್ಲ. ನವಸಾಗರ ಮಾಡುವ ಕೆಲಸವನ್ನು ಬೋರ್ಡಿನ ಮೇಲೆ ರಾಳ ಮಾಡುತ್ತದೆ. ಹಾಗೆಂದು ನವಸಾಗರವನ್ನೋ ಪೈಪು ಬೆಸೆಯುವ ಆಮ್ಲದ ಫ್ಲಕ್ಸನ್ನೋ ಇಲ್ಲಿ ಬಳಸಿದರೆ, ಉಳಿದ ಜಿಡ್ಡು ತಾಮ್ರದ ಗೆರೆಗಳನ್ನು ದಿನಗಳೆದಂತೆ ತಿಂದುಹಾಕುತ್ತದೆ.

ಇನ್ನು ಕೆಲಸ. ಅಡಾಪ್ಟರ್ ಕಿತ್ತು, ಸೆಲ್‌ಗಳನ್ನು ತೆಗೆದು, ಸ್ಕ್ರೂ ಬಿಚ್ಚಿ, ಸಾಕೆಟ್ಟಿನ ಕಾಲುಗಳಿರುವ ಜಾಗವನ್ನು ಭೂತಗನ್ನಡಿಯಲ್ಲಿ ನೋಡಬೇಕು. ಪಿನ್ ಚುಚ್ಚಿ ಎಳೆದ ಒತ್ತಡಕ್ಕೆ ಬಿರುಕು ಬಿಟ್ಟಿದ್ದರೆ, ಕಾಲಿನ ಸುತ್ತ ಕೂದಲೆಳೆಯಷ್ಟು ತೆಳುವಾದ ಕಪ್ಪು ಬಳೆ ಕಾಣುತ್ತದೆ. ಅಲ್ಲಿಗೆ ಫ್ಲಕ್ಸ್ ಸವರಿ, ಕಾದ ಐರನ್ನಿನಿಂದ ಹಳೆಯ ಸಾಲ್ಡರನ್ನು ಕರಗಿಸಿ, ಗಟ್ಟಿಯಾಗುವ ಮೊದಲೇ ಪಂಪಿನಿಂದ ಹೀರಿಬಿಡಬೇಕು.

ನಂತರ ಐರನ್ನಿನ ತುದಿ ಕಾಲನ್ನೂ ಅದರ ಬುಡದ ತಾಮ್ರದ ಬಿಲ್ಲೆಯನ್ನೂ ಒಟ್ಟಿಗೆ ತಾಗುವಂತೆ ಹಿಡಿದು, ಒಂದೆರಡು ಸೆಕೆಂಡ್ ಬಿಟ್ಟು, ಎದುರು ಬದಿಯಿಂದ ಸಾಲ್ಡರ್ ತಂತಿಯನ್ನು ಮುಟ್ಟಿಸಬೇಕು. ತಂತಿಯನ್ನು ಐರನ್ನಿಗೇ ತಾಗಿಸಿ ಹನಿ ಬೀಳಿಸುವುದು ಕಲಿಯುವವರೆಲ್ಲ ಮಾಡುವ ತಪ್ಪು. ಸಾಲ್ಡರ್ ತಾನಾಗಿ ಹರಿದು ಕಾಲನ್ನು ಸುತ್ತಿಕೊಂಡ ಕೂಡಲೇ ಮೊದಲು ತಂತಿಯನ್ನು, ಆಮೇಲೆ ಐರನ್ನನ್ನು ತೆಗೆಯಬೇಕು. ಅದು ಗಟ್ಟಿಯಾಗುವ ತನಕ ಬೋರ್ಡು ಮಿಸುಕಬಾರದು. ಇಷ್ಟೂ ನಾಲ್ಕೈದು ಸೆಕೆಂಡಿನಲ್ಲಿ ಮುಗಿಯಬೇಕು, ಹೆಚ್ಚು ಕಾದರೆ ಬಿಲ್ಲೆಯೇ ಬೋರ್ಡಿನಿಂದ ಎದ್ದು ಬರುತ್ತದೆ. ಬುಡದಲ್ಲಿ ಅಗಲವಾಗಿ ಮೇಲೆ ಸಪುರವಾಗಿ ಹೊಳೆಯುವ ಬೆಸುಗೆ ಗಟ್ಟಿ. ಮಂಕಾಗಿ ಉಂಡೆಗಟ್ಟಿದ್ದರೆ ಮತ್ತೆ ಫ್ಲಕ್ಸ್ ಹಚ್ಚಿ ಕಾಯಿಸುವುದೇ ದಾರಿ.

ಆರಿದ ಮೇಲೆ ಮಲ್ಟಿಮೀಟರನ್ನು, ಸಂಪರ್ಕವಿದ್ದರೆ ಸದ್ದು ಮಾಡುವ ಬೀಪ್ ಗುರುತಿಗೆ ತಿರುಗಿಸಿ, ಒಂದು ಮೊನೆಯನ್ನು ಸಾಕೆಟ್ಟಿನ ಕಾಲಿಗೂ ಇನ್ನೊಂದನ್ನು ಅದೇ ತಾಮ್ರದ ಗೆರೆಯ ಮುಂದಿನ ಬೆಸುಗೆಗೂ ಇಟ್ಟು, ಸಾಕೆಟ್ಟನ್ನು ಅಲುಗಿಸಿ ನೋಡಬೇಕು. ಸದ್ದು ತುಂಡಾಗದಿದ್ದರೆ ರೇಡಿಯೊ ಮುಚ್ಚಬಹುದು.

ಏಳುವ ಹೊಗೆ ರಾಳದ್ದು, ಸೀಸದ್ದಲ್ಲ. ಆದರೂ ಅದು ಗಂಟಲು ಕೆರೆಯುವುದರಿಂದ ಕಿಟಕಿ ತೆರೆದಿರಲಿ. ಸೀಸ ಒಳಸೇರುವುದು ಕೈಯಿಂದ ಬಾಯಿಗೆ, ಆದ್ದರಿಂದ ಸೋಪು ಹಾಕಿ ಕೈ ತೊಳೆಯದೆ ಕಾಫಿ ಲೋಟ ಮುಟ್ಟುವಂತಿಲ್ಲ, ಅಡುಗೆಕಟ್ಟೆಯ ಮೇಲೆ ಈ ಕೆಲಸ ಮಾಡುವಂತೆಯೂ ಇಲ್ಲ.

ಐರನ್ನಿನ ಕಪ್ಪಾದ ತುದಿಯನ್ನು ಅರದಿಂದ ಉಜ್ಜುವ ಮುನ್ನ ಅದು ಬರಿಯ ತಾಮ್ರದ್ದೋ ಕಬ್ಬಿಣದ ಲೇಪವಿರುವುದೋ ಎಂದು ಕೇಳಿ ತಿಳಿಯಬೇಕು. ಲೇಪದ ತುದಿಯೊಂದನ್ನು ನಾನು ಬಲು ಶ್ರದ್ಧೆಯಿಂದ ಅರ ಹಾಕಿ ಬೆಳಗಿದ್ದೆ. ಲೇಪ ಹೋದ ಅದು ವಾರದಲ್ಲೇ ಗುಳಿಬಿದ್ದು ಕೆಲಸಕ್ಕೆ ಬಾರದಾಯಿತು. ಅಂಥ ತುದಿಯನ್ನು ಒದ್ದೆ ಸ್ಪಂಜಿನಲ್ಲಿ ಒರೆಸಿ, ಸ್ವಿಚ್ ಆರಿಸುವ ಮುಂಚೆ ಒಂದಿಷ್ಟು ಸಾಲ್ಡರ್ ಬಳಿದು ಹಾಗೆಯೇ ತಣಿಯಲು ಬಿಡಬೇಕು.