ಹಳೆಯ ಜೋಡುನಳಿಗೆ ಕೋವಿ: ಬಳಸುವ ಮುನ್ನ ನಳಿಗೆಯನ್ನು ಪರೀಕ್ಷಿಸುವ ಬಗೆ

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯ ತೋಟದ ಮನೆಗಳಲ್ಲಿ ಅಜ್ಜನ ಕಾಲದ ಜೋಡುನಳಿಗೆ ಕೋವಿ ವಾರಸುದಾರರ ಹೆಸರಿಗೆ ಲೈಸೆನ್ಸ್ ಆಗಿ ಕೈಗೆ ಬರುವುದುಂಟು. ಮಂಗಗಳನ್ನು ಬೆದರಿಸಲು ಒಂದು ತೋಟಾ (ಕಾಡತೂಸು) ಹಾರಿಸಿದರಾಯಿತು ಎಂದು ತೋರಬಹುದು. ಆದರೆ ಎಷ್ಟೋ ಮಳೆಗಾಲಗಳನ್ನು ಗೋಡೆಯ ಗೂಟದಲ್ಲೇ ಕಳೆದ, ಚುನಾವಣೆ ಬಂದಾಗಲೆಲ್ಲ ಠಾಣೆಯಲ್ಲಿ ಠೇವಣಿಯಾಗಿ ಮರಳಿದ ಕೋವಿಯ ನಳಿಗೆ ಒಡೆದರೆ ಮೊದಲು ಹೋಗುವುದು ಅದನ್ನು ಹಿಡಿದ ಎಡಗೈ.

ಮೊದಲು ಕೋವಿಯನ್ನು ಕೀಲಿನ ಬಳಿ ಮಡಚಿ ತೆರೆದು, ತೋಟಾ ಕೂರುವ ಎರಡೂ ಚೇಂಬರುಗಳು ಖಾಲಿಯಿವೆಯೆಂದು ಖಚಿತಪಡಿಸಿಕೊಂಡು, ನಳಿಗೆಗಳನ್ನು ಹಿಡಿಯಿಂದ ಬೇರ್ಪಡಿಸಿ. ಮರದ ಕಡ್ಡಿಯೊಂದನ್ನು ತುದಿಯಿಂದ ತುದಿಗೆ ತೂರಿಸಿ ನೋಡಬೇಕು. ಕುಂಬಾರ ಹುಳ ಒಳಗೆ ಮಣ್ಣಿನ ಗೂಡು ಕಟ್ಟಿರುವುದು ನಮ್ಮ ಕಡೆ ಅಪರೂಪವೇನಲ್ಲ, ಮತ್ತು ಅಷ್ಟು ಮಣ್ಣು ನಳಿಗೆ ಉಬ್ಬಲು ಸಾಕು. ಬಳಿಕ ಒಳಗಿನ ಎಣ್ಣೆಯನ್ನು ಪೂರ್ತಿ ಒರೆಸಿ, ಏಕೆಂದರೆ ಎಣ್ಣೆ ತುಕ್ಕಿನ ಗುಳಿಗಳನ್ನು ಮುಚ್ಚಿಡುತ್ತದೆ.

ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿದಾಗ ಒಳಗೋಡೆಯ ಬೆಳಕಿನ ಗೆರೆಗಳು ಎಲ್ಲಿಯೂ ಮುರಿಯದೆ ಸಾಗಬೇಕು. ಒಂದೇ ಬದಿಯಲ್ಲಿ ನೆರಳು ಕಂಡರೆ ಅದು ಹೊರಗಿನ ಪೆಟ್ಟಿನಿಂದಾದ ತಗ್ಗು. ಅದನ್ನು ನುರಿತ ಕೋವಿ ಕೆಲಸಗಾರ ಬಹುಮಟ್ಟಿಗೆ ಎತ್ತಬಲ್ಲ. ಬಳೆಯಂತೆ ಸುತ್ತಲೂ ನೆರಳು ಕಂಡು, ಹೊರಗೆ ಬೆರಳಾಡಿಸಿದಾಗ ಉಬ್ಬು ಸಿಕ್ಕಿದರೆ ಅಲ್ಲಿ ಲೋಹ ಹಿಗ್ಗಿದೆಯೆಂದೇ ಅರ್ಥ. ಅಂಥ ಕೋವಿಯನ್ನು ನಾನಂತೂ ಹಾರಿಸಲಾರೆ.

ಕಪ್ಪು ಚುಕ್ಕೆಗಳಂತೆ ಕಾಣುವ ತುಕ್ಕಿನ ಗುಳಿಗಳು ಚೇಂಬರಿನ ಮುಂದಿನ ಕೆಲವು ಇಂಚುಗಳಲ್ಲಿದ್ದರೆ ಅತ್ಯಂತ ಅಪಾಯ, ಏಕೆಂದರೆ ಮದ್ದಿನ ಒತ್ತಡ ಅಲ್ಲಿಯೇ ಹೆಚ್ಚು. ಆದರೆ ಹಳೆಯ ಕೋವಿಯ ಒಳಭಾಗ ಕನ್ನಡಿಯಂತೆ ಹೊಳೆಯುತ್ತಿದ್ದರೆ ನನಗೆ ಇನ್ನೂ ಹೆಚ್ಚು ಅನುಮಾನ: ಗುಳಿಗಳನ್ನು ಮರೆಸಲು ಯಾರೋ ಒಳಗೋಡೆಯನ್ನು ಉಜ್ಜಿ ತೆಗೆದಿರಬಹುದು. ಗೋಡೆಯ ದಪ್ಪವನ್ನು ಕಣ್ಣಳತೆಯಲ್ಲಿ ಹೇಳಲಾಗದು, ಅದಕ್ಕೆ ಮಾಪಕವೇ ಬೇಕು. ಮುಂಭಾಗದಲ್ಲಿ 0.5 ಮಿ.ಮೀ.ಗಿಂತ ತೆಳುವಾಗಿದ್ದರೆ ಸಾಮಾನ್ಯವಾಗಿ ಅನುಭವಿಗಳು ಬೇಡವೆನ್ನುತ್ತಾರೆ. ಚೇಂಬರಿನ ಬಳಿ ಅದರ ಹಲವು ಪಟ್ಟು ದಪ್ಪವಿರಬೇಕು.

ನಳಿಗೆಯ ಮೇಲೆ ಸುರುಳಿ ಸುರುಳಿಯಾದ ವಿನ್ಯಾಸ ಕಂಡರೆ ಅದು ಡಮಾಸ್ಕಸ್ ನಳಿಗೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದದ್ದಾದ್ದರಿಂದ ಬೆಸುಗೆಯೊಳಗಿನ ತುಕ್ಕು ಹೊರಗೆ ಕಾಣುವುದಿಲ್ಲ. ಅದರಲ್ಲಿ ಇಂದಿನ ತೋಟಾ ಬಳಸಲೇಬಾರದು. ವಿನ್ಯಾಸವಿಲ್ಲದಿದ್ದರೂ ನಳಿಗೆಯ ಅಡಿಭಾಗದ ಪರೀಕ್ಷಾ ಮುದ್ರೆಗಳನ್ನು ಓದಿಸಿ. ಬ್ರಿಟಿಷ್ ಕೋವಿಗಳಲ್ಲಿ ಲಂಡನ್ನಿನ ಅಥವಾ 1813ರಲ್ಲಿ ಸ್ಥಾಪನೆಯಾದ ಬರ್ಮಿಂಗ್‌ಹ್ಯಾಮ್ ಪರೀಕ್ಷಾ ಕೇಂದ್ರದ ಮುದ್ರೆ ಇರುತ್ತದೆ. ಹಳೆಯ ಕಾಲದ ಕರಿಮದ್ದಿಗೆ ಮಾತ್ರ ಪರೀಕ್ಷೆಯಾಗಿದೆಯೋ ಇಂದಿನ ತೋಟಾಗಳಲ್ಲಿರುವ ಹೊಗೆಯಿಲ್ಲದ ನೈಟ್ರೋ ಮದ್ದಿಗೂ ಆಗಿದೆಯೋ ಎಂಬುದು ಅದರಿಂದ ತಿಳಿಯುತ್ತದೆ.

ಚೇಂಬರಿನ ಉದ್ದವನ್ನೂ ಅಳೆಸಬೇಕು. ಹಳೆಯ 12 ಬೋರ್ (ಬೋರ್ ಎಂದರೆ ನಳಿಗೆಯ ಒಳಗಾತ್ರದ ಅಳತೆ) ಕೋವಿಗಳಲ್ಲಿ ಅನೇಕವು 65 ಮಿ.ಮೀ. ತೋಟಾಕ್ಕೆ ಮಾಡಿದವು. ಡಬ್ಬಿಯ ಮೇಲೆ ಬರೆದ 70 ಮಿ.ಮೀ. ಎಂಬುದು ಹಾರಿದ ನಂತರ ಬಿಚ್ಚಿಕೊಂಡ ತೋಟಾದ ಉದ್ದವಾದ್ದರಿಂದ ಹೊಸ ತೋಟಾ ಸಲೀಸಾಗಿಯೇ ಒಳಗೆ ಕೂರುತ್ತದೆ, ಸಿಡಿದಾಗ ಅದರ ಬಾಯಿ ಪೂರ್ತಿ ತೆರೆಯಲು ಜಾಗವಿಲ್ಲದೆ ಒತ್ತಡ ಏರುತ್ತದೆ.

ನಳಿಗೆಗಳನ್ನು ದಾರದಲ್ಲಿ ತೂಗುಬಿಟ್ಟು ಬೆರಳ ಗೆಣ್ಣಿನಿಂದ ತಟ್ಟಿದಾಗ ಗಂಟೆಯಂತೆ ನಾದ ಬರದೆ ಗರಗರ ಎಂದರೆ, ಎರಡು ನಳಿಗೆಗಳನ್ನು ಸೇರಿಸುವ ನಡುಪಟ್ಟಿಯ ಬೆಸುಗೆ ಬಿಟ್ಟಿರಬಹುದು.

ಕೋವಿಯನ್ನು ಮರಕ್ಕೆ ಕಟ್ಟಿ, ದೂರದಿಂದ ಹಗ್ಗ ಎಳೆದು ಹಾರಿಸಿ ನೋಡುವ ಪದ್ಧತಿಯನ್ನು ನಂಬಬೇಡಿ. ಒಂದು ಗುಂಡಿಗೆ ತಡೆದ ಬಿರುಕು ಮುಂದಿನದಕ್ಕೆ ಬಾಯಿಬಿಡಬಹುದು. 1959ರ ಆಯುಧ ಕಾಯ್ದೆಯಂತೆ ದುರಸ್ತಿಗೂ ಪರೀಕ್ಷೆಗೂ ಲೈಸೆನ್ಸ್ ಬೇಕಾದ್ದರಿಂದ, ಅದಿರುವವರ ಬಳಿಯೇ ಒಯ್ಯಿರಿ. ಅವರು ಬೇಡವೆಂದ ಕೋವಿಗೆ ಕಾಣುವಂತೆ ಚೀಟಿ ಕಟ್ಟಿ, ತೋಟಾಗಳನ್ನು ಬೇರೆಡೆ ಬೀಗ ಹಾಕಿಡಿ. ನಳಿಗೆ ಕೆಟ್ಟಿತೆಂದು ಲೈಸೆನ್ಸ್ ನವೀಕರಣವನ್ನು ಬಿಡುವಂತಿಲ್ಲ.